ದಿಲ್ಲಿಯಿಂದ ಬಂದ ಭಾವ

ಭಾವಮೈದುನ ಮಂಗೇಶ ಹಾರ್ಮೋನಿಯಂ ಕಲಿತದ್ದೇ ಮಧುಕರನ ಕಷ್ಟಕ್ಕೆಲ್ಲ ಮೂಲ. ಮಂಗೇಶ ಹಾಡಲು ಕೂತರೆ ಕೆಸರಿನಲ್ಲಿ ಹೂತ ಲಾರಿಯಂತೆ. ಮುಂದಕ್ಕೂ ಹೋಗುತ್ತಿರಲಿಲ್ಲ, ಸದ್ದೂ ನಿಲ್ಲುತ್ತಿರಲಿಲ್ಲ.

ಆ ರವಿವಾರ ಸಂಜೆ ಅಂಕೋಲೆಯ ಅವನ ಮನೆಯಲ್ಲಿ ಸಂಗೀತ ಬೈಠಕ್. ಮಧುಕರನ ಹೆಂಡತಿ ಸುಮಲತಾ ಹಿಂದಿನ ದಿನವೇ ತವರಿಗೆ ಹೋಗಿದ್ದಳು. ಕಾರವಾರದಲ್ಲೇ ಉಳಿದ ಮಧುಕರ ಬೆಳಿಗ್ಗೆ ಹತ್ತಕ್ಕೆ ತನ್ನ ಹೊಸ ಮೊಬೈಲಿನಿಂದ ಮಂಗೇಶನಿಗೆ ಫೋನು ಮಾಡಿದ. "ಆಫೀಸಿನವ್ರು ನಿನ್ನೆನೇ ದಿಲ್ಲಿಗೆ ಕಳಿಸ್ಬಿಟ್ರು ಮಾರಾಯಾ, ಅಲ್ಲಿಂದ್ಲೇ ಮಾತಾಡ್ತಿದ್ದೆ" ಎಂದು ಹೇಳಿ, ಬಿಡುಗಡೆಯಾದ ಕೈದಿಯಂತೆ ಸೀಟಿ ಹೊಡೆಯುತ್ತ ಬೀದಿಗಿಳಿದ.

ಒಂದು ಗಂಟೆಗೆ ಗೋದಾವರಿಬಾಯಿಯ ಖಾನಾವಳಿಯಲ್ಲಿ ಬಂಗಡೆ ಸಾರು ಕಲಸಿ ಮೊದಲ ತುತ್ತು ಎತ್ತಿದ್ದನಷ್ಟೆ, ಎದುರಿಗೆ ಬೊಮ್ಮಯ್ಯ ಬಂದು ಕೂತ. ಮಂಗೇಶನ ಪಕ್ಕದ ಮನೆಯವನು, ಬಲೆ ಕೊಳ್ಳಲು ಕಾರವಾರಕ್ಕೆ ಬಂದವನು.

"ಓ ಮಧುಕರಾ! ನೀ ದಿಲ್ಲಿಲಿದ್ದೆ ಅಂತ ಮಂಗೇಶ ಹೇಳ್ದ!"

"ಕೆಲ್ಸ ಬೇಗ ಮುಗೀತು ಬೊಮ್ಮಯ್ಯಣ್ಣ. ವಿಮಾನದಲ್ಲಿ ಬಂದೆ."

"ಎಷ್ಟು ದೂರ?"

"ಗೋವಾಕ್ಕೆ ಸಾವಿರದೈನೂರು ಕಿಲೋಮೀಟರು. ಎರಡೂವರೆ ತಾಸು. ಅಲ್ಲಿಂದ ಕಾರಲ್ಲಿ ಎರಡು ತಾಸು."

ಬೊಮ್ಮಯ್ಯ ಬೆರಳು ಮಡಚಿದ. "ಹತ್ತಕ್ಕೆ ದಿಲ್ಲಿಂದ ಫೋನು. ಈಗ ಒಂದು. ಹಂಗಾರೆ ನೀನಿನ್ನೂ ಗೋವಾದಲ್ಲೇ ಇರ್ಬೇಕಲಾ!"

ಊಟಕ್ಕೆ ಕೂತವರೆಲ್ಲ ತಲೆ ಎತ್ತಿದರು. "ಹಿಂದಿಂದ ಗಾಳಿ ಹೊಡೆದ್ರೆ ದೋಣಿ ಓಡೂದಿಲ್ವಾ?" ಎಂದನೊಬ್ಬ. "ಅಷ್ಟು ಗಾಳಿ ಬಂದಿದ್ರೆ ಈ ಮಾಡಿನ ಹಂಚೇ ಹಾರ್ತಿತ್ತು" ಎಂದ ಇನ್ನೊಬ್ಬ. ಮಧುಕರನ ಬೆವರು ಸಾರಿಗೆ ಇಳಿಯತೊಡಗಿತು.

ಗೋದಾವರಿಬಾಯಿ ಸೌಟು ಹಿಡಿದೇ ಹೊರಗೆ ಬಂದಳು. "ನಕ್ಷೆ ನೋಡಿದ್ರಾ? ದಿಲ್ಲಿ ಮೇಲದೆ, ಗೋವಾ ಕೆಳಗದೆ. ಹೋಗೂಕೆ ಏರು, ಬರೂಕೆ ಇಳಿಜಾರು! ಘಟ್ಟ ಇಳಿಯೂ ಬಸ್ಸು ಕಂಡಿಲ್ವಾ?"

ಖಾನಾವಳಿಯಲ್ಲಿ ಕೂತವರೆಲ್ಲ ಹೌದೌದೆಂದು ತಲೆಯಾಡಿಸಿದರು.

"ಎಂಜಿನ್ನು ಬಂದ್ ಮಾಡ್ಕಂಡೇ ಬಂದ್ರು" ಎಂದ ಮಧುಕರ, ಹೊಸ ಹುರುಪಿನಲ್ಲಿ.

ಬೊಮ್ಮಯ್ಯನಿಗೆ ಆನಂದ ತಡೆಯಲಾಗಲಿಲ್ಲ. "ಮಂಗೇಶನ ಹಾಡಿಗೆ ಅಂತ ಇಷ್ಟು ಜೋರಾಗಿ ಬಂದ್ಯಾ! ಏಳು, ನನ್ನ ಟೆಂಪೋ ಹೊರಗದೆ."

"ಬಾಳ ಸುಸ್ತಾಗದೆ ಅಣ್ಣಾ..."

"ಇಳಿಜಾರಲ್ಲಿ ಎಂತಾ ಸುಸ್ತು!"

ಮೀನು ಬುಟ್ಟಿಗಳ ನಡುವೆ ಮಧುಕರನ ಪ್ರಯಾಣ ಸಾಗಿತು. ತೋಡೂರಿನಲ್ಲಿ ಅವನಿಗೆ ಹೊಟ್ಟೆನೋವು ಬಂತು; ಬೊಮ್ಮಯ್ಯ ಸೋಡಾ ಕುಡಿಸಿದ. ಹಟ್ಟಿಕೇರಿಯಲ್ಲಿ ತಲೆ ತಿರುಗಿತು. ಬೊಮ್ಮಯ್ಯ ಟೆಂಪೋ ಇನ್ನೂ ಜೋರಾಗಿ ಓಡಿಸಿದ.

ಮಂಗೇಶನ ಮನೆಯಲ್ಲಿ ಚಾಪೆಯಿಲ್ಲ, ತಬಲವಿಲ್ಲ, ಜನವಿಲ್ಲ. ಜಗಲಿಯಲ್ಲಿ ಗೋಣಿ ಸುತ್ತಿದ ಒಂದು ಪೆಟ್ಟಿಗೆ ಮಾತ್ರ. ಮಧುಕರನ ಜೀವ ಹೂವಾಯಿತು. ಮಂಗೇಶ ಓಡಿಬಂದು ಅವನನ್ನು ತಬ್ಬಿಕೊಂಡ.

"ಭಾವಾ! ನೀವು ಬರೂದಿಲ್ಲ ಅಂತ ಮಧ್ಯಾಹ್ನ ಬೈಠಕ್ ರದ್ದು ಮಾಡ್ಬಿಟ್ಟೆ. ಕಣ್ಣು ಮುಚ್ಚಿ, ತಲೆದೂಗಿ ನನ್ನ ಹಾಡು ಕೇಳೂದು ನೀವೊಬ್ರೇ. ನೀವೂ ಇಲ್ಲ ಅಂದ್ಮೇಲೆ ನಂಗ್ಯಾಕೆ ಸಂಗೀತ? ಇನ್ನು ಜನ್ಮದಲ್ಲಿ ಮುಟ್ಟೂದಿಲ್ಲ ಅಂತ, ಹಾರ್ಮೋನಿಯಂ ಪೆಟ್ಟಿಗೇನ ಮಂಜಗುಣಿ ಭಜನೆಯವ್ರಿಗೆ ಕೊಡೂಕೆ ಹೊರಟಿದ್ದೆ. ಇನ್ನರ್ಧ ತಾಸು ತಡವಾಗಿದ್ರೆ ಹೋಗೇಬಿಡ್ತಿತ್ತು!"

ಮಧುಕರ ಹಾಗೇ ಜಗಲಿಯ ಮೇಲೆ ಕುಸಿದ. ಬೊಮ್ಮಯ್ಯ ಬಲೆಯ ನೆಪ ಹೇಳಿ ಮೆಲ್ಲಗೆ ಜಾಗ ಖಾಲಿ ಮಾಡಿದ. ಸುಮಲತಾ ಹೆಮ್ಮೆಯಿಂದ ಗಂಡನ ಎದುರಿಗೇ ಚಾಪೆ ಹಾಸಿದಳು.

ಮಂಗೇಶ ಕಣ್ಣೊರೆಸಿಕೊಂಡು ಗೋಣಿ ಬಿಚ್ಚಿದ. "ಇನ್ನು ಪ್ರತಿ ರವಿವಾರ, ಭಾವಾ! ನಾನೇ ಕಾರವಾರಕ್ಕೆ ಬರ್ತೆ!"