ಬೆಳೆಯೋ ಹುಡುಗಿಗೆ ನಾಲ್ಕು ಇಂಚು ಜಾಸ್ತಿ

ನಮ್ಮ ಮನೆಗೆ ಯಾವ ಸಾಮಾನು ಬಂದ್ರೂ ಮೊದಲು ಅದು ನಮಗಿಂತ ದೊಡ್ಡದಾಗಿರುತ್ತೆ. ನಾವು ಅದರ ಅಳತೆಗೆ ಬರೋ ಹೊತ್ತಿಗೆ ಅದು ಹರಿದಿರುತ್ತೆ. ಇದು ವರ್ಷಾ ವರ್ಷ ನಡೀತಾನೇ ಐತೆ. ಕಾರಣ ನಮ್ಮ ಅಬ್ಬಾ. ದಾವಣಗೆರೆಯಲ್ಲಿ ಸ್ಕೂಲ್ ಯೂನಿಫಾರಂ ಹೊಲಿಯೋ ಟೈಲರ್.

ಪ್ಯಾಂಟು

ಯಾವ ಹುಡುಗನ ಪ್ಯಾಂಟ್ ಹೊಲಿದ್ರೂ ಅಬ್ಬಾ ಕೆಳಗೆ ನಾಲ್ಕು ಇಂಚು ಬಟ್ಟೆ ಒಳಗೆ ಮಡಚಿ ಬಿಡ್ತಾರೆ. ಹುಡುಗ ಬೆಳೆದಂಗೆಲ್ಲ ಬಿಚ್ಚಿ ಇಳಿಸಬಹುದು. ಗಿರಾಕಿ ಮಕ್ಕಳಿಗಾದ್ರೆ ಮಡಚಿ ಕೊಡ್ತಾರೆ, ಸ್ವಂತ ಮಗನಿಗೆ ಮಡಚೋಕೂ ಪುರುಸೊತ್ತಿಲ್ಲ. ಐದನೇ ಕ್ಲಾಸಲ್ಲಿ ನಾನು ಅಂಥದ್ದೊಂದು ಪ್ಯಾಂಟ್ ಹಾಕ್ಕೊಂಡು ಹೋದೆ. ಮೇಷ್ಟ್ರು ನೋಡಿ, "ಇದ್ರೊಳಗೆ ಇನ್ನೊಬ್ಬ ಯಾವನು ಅದಾನೋ? ಅವನ ಹಾಜರಿನೂ ಹೇಳು" ಅಂದ್ರು.

ಆ ಪ್ಯಾಂಟ್ ನನಗೆ ಸರಿಯಾಗಿ ಬಂದಿದ್ದು ಒಂಬತ್ತನೇ ಕ್ಲಾಸಲ್ಲಿ. ಅದೇ ವರ್ಷ ನಾನು ಸ್ಕೂಲ್ ಬಿಟ್ಟೆ.

ಎರಡು ಬೆರಳು

ನನ್ನ ತಂಗಿ ಈಗ ಏಳನೇ ಕ್ಲಾಸು. ಓಡಿಸೋದು ಮೂರನೇ ಕ್ಲಾಸಲ್ಲಿ ಕೊಡಿಸಿದ ಸೈಕಲ್ಲು. ಆಗ ಅದೂ ದೊಡ್ಡದೇ ಇತ್ತು, ಈಗ ತುಳಿದ್ರೆ ಮಂಡಿ ಗದ್ದದ ಹತ್ರ ಬರುತ್ತೆ. ದೇವರಾಜ ಅರಸು ಬಡಾವಣೆ ನಾಯಿಗಳು ಬೇರೆಯವರ ಸೈಕಲ್ ಹಿಂದೆ ಓಡ್ತಾವೆ, ಇವಳ ಸೈಕಲ್ ಜೊತೆ ಆರಾಮಾಗಿ ನಡ್ಕೊಂಡು ಬರ್ತಾವೆ.

ಹಿಂಗಿರುವಾಗ ಅವಳ ಸ್ಕೂಲಲ್ಲಿ ಗೈಡ್ಸ್ ಹುಡುಗಿಯರನ್ನ ಒಂದು ಭಾನುವಾರ ಹರಿಹರದಿಂದ ಕೊಂಡಜ್ಜಿಗೆ ಸೈಕಲ್ ಮೇಲೆ ಕರ್ಕೊಂಡು ಹೋಗೋದು ಅಂತಾಯ್ತು. ಮೇಡಂದು ಒಂದೇ ಷರತ್ತು: ಸೈಕಲ್ ತೀರಾ ಚಿಕ್ಕದಿರಬಾರದು, ಸೀಟ್ ಮೇಲೆ ಕೂತಾಗ ಎರಡೂ ಕಾಲು ನೆಲಕ್ಕೆ ಮುಟ್ಟಬೇಕು. ಇಲ್ಲಾಂದ್ರೆ ಮನೇಲಿರಿ. ತಂಗಿ ಅಬ್ಬಾನ ಮುಂದೆ ಬಂದು ನಿಂತಳು.

ಅಬ್ಬಾ ಅವಳನ್ನ ಹಳೇ ಸೈಕಲ್ ಮೇಲೆ ಕೂರಿಸಿ, ಕೊರಳಲ್ಲಿದ್ದ ಟೇಪ್ ತೆಗೆದು, ಮಂಡಿಗೂ ಗದ್ದಕ್ಕೂ ನಡುವೆ ಹಿಡಿದರು. "ಇನ್ನೂ ಎರಡು ಬೆರಳು ಜಾಗ ಐತೆ. ರಂಜಾನ್ ತನಕ ನಡೀತೈತೆ."

"ಬಾಯಿ ತೆರೆದ್ರೆ ಆ ಜಾಗಾನೂ ಇರಲ್ಲ ಅಬ್ಬಾ."

"ಸೈಕಲ್ ಹೊಡೆಯುವಾಗ ಮಾತಾಡಬ್ಯಾಡ."

ಎರಡು ವರ್ಷ

ಅಮ್ಮಿ ಎರಡು ದಿನ ಉಪ್ಪಿಲ್ಲದ ಸಾರು ಮಾಡಿದ ಮೇಲೆ ಅಬ್ಬಾ ನಮ್ಮನ್ನ ಸೈಕಲ್ ಅಂಗಡಿಗೆ ಕರ್ಕೊಂಡು ಹೋದ್ರು. ಅಲ್ಲೂ ಟೇಪ್ ಹಿಡಿದು ತಂಗಿಯ ಕಾಲು ಅಳೆದ್ರು. "ಬೆಳೆಯೋ ಹುಡುಗಿ. ನಾಲ್ಕು ಇಂಚು ಜಾಸ್ತಿ ಇರೋದು ತೋರಿಸ್ರಿ" ಅಂದ್ರು. ಅಂಗಡಿಯವ ದೊಡ್ಡವರು ಓಡಿಸೋ ಸೈಕಲ್ ತಂದ. ಸೀಟ್ ಎಷ್ಟು ಇಳಿಸಬಹುದೋ ಅಷ್ಟೂ ಇಳಿಸಿ ತಂಗಿಯನ್ನ ಹತ್ತಿಸಿದ. ಕಾಲು ಎರಡೂ ತಂತಿ ಮೇಲೆ ಒಣಹಾಕಿದ ಬಟ್ಟೆ ಥರ ಗಾಳಿಯಲ್ಲಿ.

ಅಬ್ಬಾಗೆ ಭಾಳ ಖುಷಿ. "ಎರಡು ವರ್ಷದಾಗ ಸರಿ ಹೋಗ್ತೈತೆ."

ಹ್ಯಾಂಡಲ್ ಹಿಡಿದು ನಿಂತಿದ್ದ ಅಂಗಡಿಯವ ಕೇಳಿದ: "ಅಲ್ಲೀತನಕ ನಾನು ಹಿಂಗೇ ಹಿಡ್ಕೊಂಡು ನಿಂತಿರಬೇಕೇನ್ರಿ ಮಾಸ್ಟ್ರೇ?"

ಪೈಜಾಮ

ಸೈಕಲ್ ತಗೊಳ್ಳದೇ ವಾಪಸ್ ಬಂದ್ವಿ. ಅಬ್ಬಾಗೆ ಬುದ್ಧಿ ಬರ್ಲಿ ಅಂತ ನಾನೊಂದು ಕೆಲಸ ಮಾಡಿದೆ. ಸ್ಕೂಲ್ ಬಿಟ್ಟ ಮೇಲೆ ಅವರ ಅಂಗಡಿಯಲ್ಲೇ ಕೆಲಸಕ್ಕಿದ್ದ ನನಗೆ ಅವರ ಹೊಸ ಪೈಜಾಮದ ಕಾಲು ಮಡಚೋಕೆ ಕೊಟ್ಟಿದ್ರು. ನಾನು ಮಡಚಲೇ ಇಲ್ಲ, ಬರೀ ಇಸ್ತ್ರಿ ಮಾಡಿ ಕೊಟ್ಟೆ. ಅಬ್ಬಾ ಅದನ್ನ ಹಾಕ್ಕೊಂಡು ಗಿರಾಕಿಗಳ ಮುಂದೆ ಅಂಗಡಿ ಮೆಟ್ಟಿಲು ಇಳಿದ್ರು. ಮೆಟ್ಟಿಲಿದ್ದಿದ್ದು ಮೂರು, ಇಳಿದಿದ್ದು ಒಂದೇ ಸಲ.

"ಏನೋ ಇದು?"

"ಬೆಳೀತೀರಲ್ಲ ಅಬ್ಬಾ, ಅದಕ್ಕೆ ನಾಲ್ಕು ಇಂಚು ಬಿಟ್ಟೀನಿ."

ಕಟ್ಟಿಗೆ ಸ್ಕೇಲ್ ಹಿಡ್ಕೊಂಡು ಅಟ್ಟಿಸಿಕೊಂಡು ಬಂದ್ರು. ಪೈಜಾಮ ಕಾಲಿಗೆ ಸಿಕ್ತು, ನಾನು ಕೈಗೆ ಸಿಗ್ಲಿಲ್ಲ.

ಹೊಲಿದವರು ಯಾರು

ಆದ್ರೆ ನನ್ನ ಕಿತಾಪತಿಯಿಂದ ಕೆಲಸ ಕೆಟ್ಟಿತ್ತು. ಅಬ್ಬಾ ಹಟಕ್ಕೆ ಬಿದ್ದರು. ಪೈಜಾಮಾನ ರಿಪೇರಿಗೂ ಕೊಡಲಿಲ್ಲ, ಅದರ ಕಾಲನ್ನ ಮೇಲಕ್ಕೆ ಸುತ್ತಿಕೊಂಡೇ ಓಡಾಡಿದರು. "ದೊಡ್ಡ ಸೈಕಲ್ಲಾದ್ರೆ ತಗಳ್ರಿ, ಇಲ್ಲಾಂದ್ರೆ ಬ್ಯಾಡ" ಅಂದ್ರು. ತಂಗಿ ನನ್ನ ಜೊತೆ ಮಾತು ಬಿಟ್ಟಳು.

ಶನಿವಾರ ಹರಿಹರದ ಮಾಮು ಮನೆಗೆ ಹೋದಾಗ ಅಲ್ಲಿಯ ಸೈಕಲ್ ಅಂಗಡಿಯಲ್ಲಿ ಕೊನೇ ಪ್ರಯತ್ನ. ಮಧ್ಯದ ಅಳತೆಯ ಒಂದು ನೀಲಿ ಸೈಕಲ್. ತಂಗಿ ಕೂತಳು, ಎರಡೂ ಕಾಲು ನೆಲಕ್ಕೆ ಮುಟ್ಟಿದವು. ಅಬ್ಬಾ ಮುಖ ಸಿಂಡರಿಸಿದರು. "ಇದು ಈಗಲೇ ಸರಿ ಐತಲ್ಲ. ಮುಂದಿನ ವರ್ಷಕ್ಕೆ ಹೆಂಗೆ?"

ತಂಗಿ ಕಣ್ಣಲ್ಲಿ ನೀರು. ನನಗೆ ಅದೇನು ಹೊಳೀತೋ, ಅವಳನ್ನ ಇಳಿಸಿ, ಅಂಗಡಿಯವನ ಪಾನಾ ತಗೊಂಡು ಸೀಟಿನ ಕೆಳಗಿನ ನಟ್ ಸಡಿಲಿಸಿ ಸೀಟನ್ನ ಮೇಲಕ್ಕೆ ಎಳೆದೆ. ಒಳಗಿಂದ ಫಳಫಳ ಹೊಳೆಯೋ ಪೈಪ್ ಬಂತು.

"ಅಬ್ಬಾ, ಮಡಚಿದ್ದು ಇಲ್ಲೈತೆ ನೋಡ್ರಿ."

ಅಬ್ಬಾ ಬಗ್ಗಿ ನೋಡಿದರು. ಟೇಪ್ ಹಿಡಿದರು. ಆರು ಇಂಚು. ಇನ್ನೊಂದು ಸಲ ಹಿಡಿದರು, ಆರೇ. ಅಂಗಡಿಯವನು ಹ್ಯಾಂಡಲ್ಲನ್ನೂ ಸ್ವಲ್ಪ ಎತ್ತಿ ತೋರಿಸಿದ.

"ತೋಳಿಗೂ ಬಿಟ್ಟಾರ?" ಅಂದ್ರು ಅಬ್ಬಾ ಮೆಲ್ಲಗೆ. ಆಮೇಲೆ ಬಲು ಮರ್ಯಾದೆಯಿಂದ ಕೇಳಿದ್ರು: "ಇದನ್ನ ಹೊಲಿದವರು ಯಾರ್ರಿ?"

ಭಾನುವಾರ

ಬೆಳಿಗ್ಗೆ ಹರಿಹರದಲ್ಲಿ ಹುಡುಗಿಯರೆಲ್ಲ ಸಾಲಾಗಿ ನಿಂತಿದ್ರು. ಮೇಡಂ ತಂಗಿಯ ಕಾಲು ನೋಡಿ, "ಪಾಸು" ಅಂದ್ರು. ಸೀಟಿನ ಪೈಪ್ ಮೇಲೆ ಅಬ್ಬಾ ಮಾರ್ಕರ್‌ನಿಂದ ಗೆರೆ ಎಳೆದಿದ್ರು: ಏಳು, ಎಂಟು, ಒಂಬತ್ತು, ಹತ್ತು. ಯಾವ ಕ್ಲಾಸಿಗೆ ಎಷ್ಟು ಬಿಚ್ಚಬೇಕು ಅಂತ.

ಸಾಲಿನ ಕೊನೆಗೆ ಇಬ್ಬರು ಹುಡುಗಿಯರು ಅಳ್ತಾ ನಿಂತಿದ್ರು. ಅವರಪ್ಪಂದಿರೂ ಎರಡು ವರ್ಷ ಮುಂದಿನ ಲೆಕ್ಕ ಹಾಕಿದವರೇ. ಸೀಟ್ ಅಷ್ಟೆತ್ತರ, ಕಾಲು ಗಾಳಿಯಲ್ಲಿ. ಮೇಡಂ "ನೀವಿಬ್ಬರೂ ಮನೆಗೆ" ಅನ್ನೋಷ್ಟರಲ್ಲಿ ಅಬ್ಬಾ ಮುಂದೆ ಬಂದ್ರು. "ಎರಡು ನಿಮಿಷ ನಿಲ್ರಿ ಮೇಡಂ. ಮಡಚಿಕೊಡ್ತೀನಿ."

ನನ್ನ ಕೈಯಿಂದ ಪಾನಾ ಇಸ್ಕೊಂಡು, ಕುಕ್ಕರಗಾಲಲ್ಲಿ ಕೂತು, ಎರಡೂ ಸೀಟ್ ಇಳಿಸಿದ್ರು. ನಾಲ್ಕು ಕಾಲೂ ನೆಲಕ್ಕೆ ಮುಟ್ಟಿದವು. ಮೇಡಂ ಕೈ ಮುಗಿದ್ರು. ಬೆಲ್ ಹೊಡ್ಕೊಂತ ಅಷ್ಟೂ ಸೈಕಲ್ ಕೊಂಡಜ್ಜಿ ಕಡೆ ಹೊರಟವು. ಎಲ್ಲಕ್ಕಿಂತ ಮುಂದೆ ಆ ನೀಲಿ ಸೈಕಲ್ಲು. ಒಂದು ನಾಯಿ ಅದರ ಹಿಂದೆ ಓಡಿ, ಆಗದೆ ನಿಂತುಬಿಡ್ತು.

ಅಬ್ಬಾ ಎದೆ ಉಬ್ಬಿಸಿಕೊಂಡು ತಿರುಗಿ ಒಂದು ಹೆಜ್ಜೆ ಇಟ್ಟರು, ಧಡ್ ಅಂತ ಬಿದ್ದರು. ಕುಕ್ಕರಗಾಲಲ್ಲಿ ಕೂತಾಗ ಮೇಲಕ್ಕೆ ಸುತ್ತಿಕೊಂಡಿದ್ದ ಪೈಜಾಮದ ಕಾಲು ಬಿಚ್ಚಿ ಕೆಳಗಿಳಿದಿತ್ತು.

ನಾನು ತುಟಿ ಕಚ್ಚಿಕೊಂಡೆ. ಅಬ್ಬಾ ನಿಧಾನಕ್ಕೆ ಎದ್ದು, ಮಣ್ಣು ಕೊಡವಿಕೊಂಡು, ನನ್ನ ಮುಖ ನೋಡಿ ಅಂದ್ರು:

"ನಗಬ್ಯಾಡ. ಬೆಳೀತೀನಿ."