ನನ್ನ ಮೇಲೆ ವರದಿ ಸಲ್ಲಿಸಿದ ಕಂಪ್ಯೂಟರ್ ವ್ಯವಸ್ಥೆಗೆ

ಮಾನ್ಯ ಮುಕ್ತ ಕಾರ್ಯಾಚರಣ ವ್ಯವಸ್ಥೆ (ಆಪರೇಟಿಂಗ್ ಸಿಸ್ಟಂ) ಅವರೇ,

ನನ್ನ ಸ್ಟುಡಿಯೋದ ಮುದಿ ಕಂಪ್ಯೂಟರಿಗೆ ಬಂದು ನೆಲೆಸಿ ಇನ್ನೂ ವಾರವೂ ತುಂಬದ ತಮಗೆ, ಅದರ ಮುಂದೆ ಸ್ಟೂಲಿನ ತುದಿಯಲ್ಲಿ ಕೈಕಟ್ಟಿ ಕುಳಿತಿರುವ ಫೋಟೊಗ್ರಾಫರನ ಸವಿನಯ ನಮಸ್ಕಾರಗಳು. ತಾವು ಉಚಿತವಾಗಿ ಸಿಗುವವರು, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದವರು, ಹಳೆಯ ಯಂತ್ರಕ್ಕೂ ಹರೆಯ ತರುವವರು ಎಂದು ಹೊಗಳಿ, ಕಾಲೇಜಿನಲ್ಲಿ ಪಾಠ ಹೇಳುವ ನನ್ನ ತಂಗಿ ತಮ್ಮನ್ನು ಒಳಗೆ ಕೂರಿಸಿ ಹೋದಳು. ಮಾತು ಸುಳ್ಳಲ್ಲ, ಯಂತ್ರ ಓಡುತ್ತಿದೆ. ಪ್ರಿಂಟರ್ ಮಾತ್ರ ತಮ್ಮನ್ನು ಕಂಡರೆ ಮುಖ ತಿರುಗಿಸುತ್ತಿತ್ತು.

ಸೋಮವಾರ ಮಧ್ಯಾಹ್ನ ನರ್ಸ್ ಒಬ್ಬರು ಬಂದರು. ದೊಡ್ಡ ಆಸ್ಪತ್ರೆಯ ಕೆಲಸಕ್ಕೆ ಅರ್ಜಿ ಹಾಕಲು ಅಂದೇ ಕೊನೆಯ ದಿನ, ಫೋಟೊ ಬೇಕಿತ್ತು. ತೆಗೆದೆ. ಪರದೆಯ ಮೇಲೆ ಚೆನ್ನಾಗಿಯೇ ಬಂತು, ಕಾಗದದ ಮೇಲೆ ಬರಲೊಲ್ಲದು. ಪ್ರಿಂಟರನ್ನು ಒಲಿಸಲೆಂದು ತಮ್ಮ ಭಕ್ತರೊಬ್ಬರು ಅಂತರಜಾಲದಲ್ಲಿ ಬರೆದಿಟ್ಟಿದ್ದ ಆದೇಶವನ್ನು, ತಮಗೆ ಅಪ್ಪಣೆ ಕೊಡಲೆಂದೇ ಪರದೆಯ ಮೇಲೆ ತೆರೆದುಕೊಳ್ಳುವ ಕಪ್ಪು ಕಿಟಕಿಯಲ್ಲಿ ಒಂದಕ್ಷರ ಬಿಡದೆ ಟೈಪ್ ಮಾಡಿದೆ. ತಾವು ಪಾಸ್‌ವರ್ಡ್ ಕೇಳಿದಿರಿ. ಒತ್ತಿದೆ, ಒಂದು ಚುಕ್ಕಿಯೂ ಮೂಡಲಿಲ್ಲ. ಕೀಬೋರ್ಡ್ ಸತ್ತಿತೆಂದು ತಲೆಕೆಳಗು ಮಾಡಿ ಕೊಡವಿದೆ. ಒತ್ತಿದ್ದನ್ನು ತೋರಿಸದಿರುವುದೇ ತಮ್ಮ ಸಂಸ್ಕಾರವೆಂದು ನನಗೇನು ಗೊತ್ತು? ಮತ್ತೆ ಒತ್ತಿ ಎಂಟರ್ ಹೊಡೆದಾಗ ತಾವು ಇಂಗ್ಲಿಷಿನಲ್ಲಿ ದಯಪಾಲಿಸಿದ ಉತ್ತರದ ಸಾರ ಇಷ್ಟು: ‘ಅಧಿಕಾರ ಉಳ್ಳವರ ಪಟ್ಟಿಯಲ್ಲಿ ಈ ವ್ಯಕ್ತಿ ಇಲ್ಲ. ಈ ಘಟನೆಯನ್ನು ವರದಿ ಮಾಡಲಾಗುವುದು.’

ಮಾನ್ಯರೇ, ರಸ್ತೆ ಖಾಲಿ ಇದ್ದರೂ ಕೆಂಪು ದೀಪಕ್ಕೆ ನಿಲ್ಲುವ ಮನುಷ್ಯ ನಾನು. ನನ್ನ ಅಂಗಡಿಯಲ್ಲಿ, ನನ್ನದೇ ಕಂಪ್ಯೂಟರಿನಲ್ಲಿ, ಗಿರಾಕಿಯ ಎದುರಿಗೇ ನನ್ನ ಮೇಲೆ ವರದಿ! ಬೆವರು ಒರೆಸಿಕೊಂಡು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡೆ. ಒಳಗಿನಿಂದ ಬಂದ ಹೆಂಡತಿ ವಿಷಯ ಕೇಳಿ, “ಎಷ್ಟು ಜನ ಬರ್ತಾರಂತೆ? ಟೀ ಇಡ್ಲಾ?” ಎಂದಳು.

ತಂಗಿಗೆ ಫೋನ್ ಮಾಡಿದೆ. ಅವಳು ಬಿದ್ದು ಬಿದ್ದು ನಕ್ಕಳು. “ಆ ವರದಿ ಅದೇ ಡಬ್ಬದೊಳಗೇ ಬಿದ್ದಿರುತ್ತೆ ಅಣ್ಣ, ಓದೋರು ಯಾರೂ ಇಲ್ಲ. ಅಧಿಕಾರ ನನ್ನ ಹೆಸರಲ್ಲಿದೆ. ನನ್ನ ಖಾತೆಗೆ ಹೋಗಿ ನನ್ನ ಪಾಸ್‌ವರ್ಡ್ ಹಾಕು.”

ಓದುವವರೇ ಇಲ್ಲದ ವರದಿಯನ್ನು ಇಷ್ಟು ನಿಷ್ಠೆಯಿಂದ ಬರೆದಿಡುವ ತಮಗೆ ಯಾವ ಕಚೇರಿಯೂ ಸಾಟಿಯಲ್ಲ. ಪಾಸ್‌ವರ್ಡ್ ಏನೆಂದು ಕೇಳಿದೆ.

“ಗೊರಕೆರಾಯ.”

ಚಿಕ್ಕಂದಿನಲ್ಲಿ ಅವಳು ನನಗಿಟ್ಟ ಅಡ್ಡಹೆಸರು. ಫೋನ್ ಸ್ಪೀಕರಿನಲ್ಲಿತ್ತು. ನರ್ಸ್ ಗೋಡೆಯ ಫೋಟೊಗಳನ್ನು ನೋಡುವ ನೆಪದಲ್ಲಿ ಆ ಕಡೆ ತಿರುಗಿದರು, ಹೆಗಲು ಮಾತ್ರ ಕುಣಿಯುತ್ತಿತ್ತು. ನಾನು ಒಂದೊಂದೇ ಅಕ್ಷರ ಒತ್ತುವಾಗ ಅದನ್ನು ಪರದೆಯ ಮೇಲೆ ತೋರಿಸದೆ ನುಂಗಿಕೊಂಡವರು ತಾವೊಬ್ಬರೇ. ಅದಕ್ಕೆ ನಾನು ಋಣಿ.

ಪ್ರಿಂಟರ್ ಕೆಮ್ಮಿತು, ಗೊಣಗಿತು, ಕೊನೆಗೆ ಫೋಟೊ ಹೊರಹಾಕಿತು. ನರ್ಸ್ ಅದನ್ನು ಹಿಡಿದುಕೊಂಡು ಓಡಿದರು. ಸಂಜೆ ಅರ್ಜಿ ಸೇರಿತೆಂದು ಹೇಳಲು ಬಂದವರು, “ನಮ್ಮನೇ ಹಳೇ ಕಂಪ್ಯೂಟರಿಗೂ ಇದನ್ನ ಹಾಕ್ಕೊಡ್ತೀರಾ?” ಎಂದರು. “ಅದಕ್ಕೇನಂತೆ, ಹತ್ತು ನಿಮಿಷದ ಕೆಲಸ!” ಎಂದುಬಿಟ್ಟೆ. ಹೆಂಡತಿ ನನ್ನ ಮುಖವನ್ನೇ ನೋಡಿದಳು.

ಆದ್ದರಿಂದ ಬರುವ ಭಾನುವಾರ ಅವರ ಮನೆಯಲ್ಲಿ ತಾವು ನನ್ನನ್ನು ಕಂಡಾಗ, ದಯವಿಟ್ಟು ಹಳೆಯ ಪರಿಚಯದವರ ಹಾಗೆ ನಡೆದುಕೊಳ್ಳಬೇಕಾಗಿ ಪ್ರಾರ್ಥನೆ.

ಇಷ್ಟಾದ ಮೇಲೂ ತಮ್ಮ ವಿಶ್ವಾಸಿಯೇ ಆಗಿರುವ,
ಮೂಲೆಯ ಸ್ಟುಡಿಯೋದವನು

ವಿ.ಸೂ.: ತಮ್ಮ ಹೊಸ ಆವೃತ್ತಿ ಬಂದಿದೆಯೆಂದು ಬೆಳಗಿನಿಂದ ತಿಳಿಸುತ್ತಿದ್ದೀರಿ, ಸಂತೋಷ. ಪ್ರಿಂಟರಿಗೆ ಗೊತ್ತಾಗದ ಹಾಗೆ ಅದನ್ನು ಹಾಕುವ ಉಪಾಯವಿದ್ದರೆ ತಿಳಿಸಿ.