ವಕೀಲರ ಗೌನಿಗೆ ಕಟ್ಟಿದ ಭವಿಷ್ಯತ್ಕಾಲ

ಗಂಡನನ್ನು ಸ್ಪ್ಯಾನಿಷ್ ಪರೀಕ್ಷೆಯಲ್ಲಿ ಪಾಸು ಮಾಡಿಸದಿದ್ದರೆ ತಾನು ಕತ್ತರಿ ಹಿಡಿದವಳೇ ಅಲ್ಲ ಎಂದು ಟೈಲರಮ್ಮ ಒಂದು ಸೋಮವಾರ ಬೆಳಗ್ಗೆ ಶಪಥ ಮಾಡಿದರು. ಟೈಲರಮ್ಮ ಓದಿದ್ದು ನಾಲ್ಕನೇ ಕ್ಲಾಸು. ಅದರಲ್ಲೂ ಅರ್ಧ ವರ್ಷ ಕೆಮ್ಮಿನಲ್ಲಿ ಹೋಗಿತ್ತು. ಸ್ಪ್ಯಾನಿಷ್ ಎಂಬುದು ತಿನ್ನುವುದೋ ಉಡುವುದೋ ಎಂದು ಹಿಂದಿನ ತಿಂಗಳವರೆಗೂ ಅವರಿಗೆ ಗೊತ್ತಿರಲಿಲ್ಲ. ಆದರೇನಂತೆ, ಶಪಥ ಮಾಡಲು ಮಾರ್ಕ್ಸ್ ಕಾರ್ಡು ಯಾರೂ ಕೇಳುವುದಿಲ್ಲ!

ಶಪಥಕ್ಕೆ ಕಾರಣ ಭಾಷಾಪ್ರೇಮವಲ್ಲ, ಭಯ. ಯಜಮಾನರು ಲಿಫ್ಟ್ ಮೆಕ್ಯಾನಿಕ್. ಅವರ ಕಂಪನಿ ಹಳೆಯ ಲಿಫ್ಟುಗಳನ್ನೆಲ್ಲ ಗುಜರಿಗೆ ಹಾಕಿ ಸ್ಪೇನ್ ದೇಶದಿಂದ ಹೊಸವನ್ನು ತರಿಸಿತ್ತು. ಅವು ಕೆಟ್ಟರೆ ಅಲ್ಲಿನ ಎಂಜಿನಿಯರನ್ನು ಕೇಳಬೇಕು. ಆ ಪುಣ್ಯಾತ್ಮನಿಗೆ ತನ್ನ ಭಾಷೆ ಬಿಟ್ಟು ಬೇರೆ ಬಾರದು. ಹಾಗಾಗಿ ಶನಿವಾರ ಬಾಯಿಪರೀಕ್ಷೆ. ಉಮೇದುವಾರರು ಇಬ್ಬರು: ಯಜಮಾನರು, ಮತ್ತು ಎಣ್ಣೆಡಬ್ಬಿ ಎಂದು ಹೆಸರಾದ ಅವರ ಜೊತೆಗಾರ. ಗೆದ್ದವರಿಗೆ ಹೊಸ ಲಿಫ್ಟುಗಳ ಉಸ್ತುವಾರಿ, ಸೋತವರಿಗೆ ಸ್ಟೋರು. ಕಿಟಕಿಯ ಹಿಂದೆ ಕೂತು ನಟ್ಟು ಬೋಲ್ಟು ಎಣಿಸಿ ಕೊಡುವ ಕೆಲಸ. ಸ್ಟೋರಿಗೆ ಮಧ್ಯಾಹ್ನ ಎರಡಕ್ಕೇ ಬೀಗ. ಅಂದರೆ ಎರಡೂವರೆಗೆ ಗಂಡ ಮನೆಯಲ್ಲಿ!

ಟೈಲರಮ್ಮ ಇದನ್ನು ನೆನೆದೇ ನಡುಗಿದರು. ಹೋದ ವರ್ಷ ಮೊಣಕಾಲು ಉಳುಕಿ ಯಜಮಾನರು ಹದಿನೈದು ದಿನ ಮನೆಯಲ್ಲಿದ್ದರು. ಮೊದಲ ದಿನ ಸುಮ್ಮನಿದ್ದರು. ಎರಡನೇ ದಿನ ಹೆಂಡತಿಯ ಗುಂಡಿಗಳನ್ನೆಲ್ಲ ಬಣ್ಣದ ಪ್ರಕಾರ ಇದ್ದದ್ದನ್ನು ತೂಕದ ಪ್ರಕಾರ ಜೋಡಿಸಿದರು. ಐದನೇ ದಿನ ಹೊಲಿಗೆ ಯಂತ್ರ ಕಿರಿಕಿರಿ ಮಾಡುತ್ತಿದೆಯೆಂದು ಅದಕ್ಕೆ ಲಿಫ್ಟಿನ ಗ್ರೀಸು ತುಂಬಿದರು. ಆರನೇ ದಿನ ಒಬ್ಬಳು ಮದುಮಗಳ ಬಿಳಿ ಉಡುಪಿನ ಮೇಲೆ ಕಪ್ಪು ಗೆರೆಯೊಂದು ಕುತ್ತಿಗೆಯಿಂದ ಕಾಲಿನವರೆಗೆ ನೇರವಾಗಿ ಇಳಿದಿತ್ತು. ಲಿಫ್ಟು ಇಳಿದಷ್ಟೇ ನೇರವಾಗಿ.

"ನೀವು ಪಾಸಾಗಲೇಬೇಕು ರೀ" ಎಂದರು ಟೈಲರಮ್ಮ.

"ನನ್ನ ಏಳಿಗೆ ಬಗ್ಗೆ ನಿನಗೆಷ್ಟು ಕಾಳಜಿ!" ಎಂದು ಯಜಮಾನರು ಕಣ್ಣು ಒದ್ದೆ ಮಾಡಿಕೊಂಡರು.

ಟೈಲರಮ್ಮ ದಾರ ಕಚ್ಚಿ ತುಂಡು ಮಾಡಿದರು.

ಇಬ್ಬರಿಗೂ ಸಂಜೆ ಪಾಠ ಹೇಳಲು ಕಂಪನಿ ಗೊತ್ತುಮಾಡಿದ್ದ ಸ್ಪ್ಯಾನಿಷ್ ಮೇಡಂ ಕಟ್ಟುನಿಟ್ಟಿನವರು, ಪರೀಕ್ಷೆ ಮಾಡುವವರೂ ಅವರೇ. ಒಂದೇ ಒಂದು ಕ್ರಿಯಾಪದ, ಆದರೆ ನಿಯಮಕ್ಕೆ ಬಗ್ಗದ ಮೊಂಡು ಜಾತಿಯದು. ಅದನ್ನು ಭೂತ, ವರ್ತಮಾನ, ಭವಿಷ್ಯತ್ ಮೂರು ಕಾಲದಲ್ಲೂ, ನಾನು ನೀನು ಅವನು ನಾವು ನೀವು ಅವರು ಎಂದು ಆರು ಜನಕ್ಕೂ ತಪ್ಪಿಲ್ಲದೆ ಹೇಳಬೇಕು. ಕೈಯಲ್ಲಿ ಕಾಗದವಿರಬಾರದು. ಯಜಮಾನರು 'ಹೋಗು' ಎಂಬುದನ್ನು ಆರಿಸಿಕೊಂಡು ಬಂದಿದ್ದರು.

"ಹೋಗೋದು ತಾನೇ, ಅದರಲ್ಲೇನು ಕಷ್ಟ?" ಎಂದರು ಟೈಲರಮ್ಮ.

"ಹೋಗು ಅನ್ನೋದಕ್ಕೆ ಈರ್. ಹೋಗ್ತೀನಿ ಅನ್ನೋದಕ್ಕೆ ಬೋಯ್. ಹೋದೆ ಅನ್ನೋದಕ್ಕೆ ಫುಯ್."

"ಮೂರೂ ಒಂದೇ ಮನೆಯವಾ?"

"ಒಂದೇ ತಾಯಿ ಮಕ್ಕಳಂತೆ."

"ಮುಖ ನೋಡಿದ್ರೆ ಹಾಗನಿಸಲ್ಲ. ಸರಿ, ಅವನು ಹೋಗ್ತಾನೆ ಅನ್ನೋಕೆ?"

"ಬಾ."

"ಹೋಗ್ತಾನೆ ಅನ್ನೋಕೆ ಬಾ ಅಂತಾರಾ?"

"ಅಂತಾರೆ."

"ಪಾಪ, ಆ ದೇಶದಲ್ಲಿ ನೆಂಟರು ಹೇಗೆ ಬದುಕ್ತಾರೋ!"

ಮೂರು ದಿನ ಕಳೆಯಿತು. ಯಜಮಾನರು ಪುಸ್ತಕ ತೆರೆದರೆ ನಿದ್ದೆ, ಮುಚ್ಚಿದರೆ ಮರೆವು. ಅವರ ನೆನಪೆಲ್ಲ ಇದ್ದದ್ದು ಬೆರಳಿನಲ್ಲಿ. ಲಿಫ್ಟಿನ ಪೆಟ್ಟಿಗೆಯಲ್ಲಿ ನಲವತ್ತು ವೈರಿದ್ದರೂ ಒಂದೊಂದಕ್ಕೂ ಹಳದಿ ಚೀಟಿ ಕಟ್ಟಿ, ಎರಡು ಸಲ ಕೈಯಾಡಿಸಿದರೆ ಸಾಕು, ಜನ್ಮಕ್ಕೆ ಮರೆಯುವವರಲ್ಲ. ಇದನ್ನು ಬಲ್ಲ ಟೈಲರಮ್ಮನಿಗೆ ಬುಧವಾರ ಕಾಜ ಹೊಲಿಯುತ್ತಿದ್ದಾಗ ಉಪಾಯ ಹೊಳೆಯಿತು. ಆ ಉಪಾಯಕ್ಕಾಗಿ ಆಮೇಲೆ ತಮ್ಮ ತಲೆಯ ಮೇಲೆ ತಾವೇ ಎಷ್ಟು ಮೊಟಕಿಕೊಂಡರೋ ಲೆಕ್ಕವಿಲ್ಲ.

ಅವರ ಹೊಲಿಗೆ ಕೋಣೆಯ ಗೋಡೆಗೆ ಒಂದರ ಮೇಲೊಂದು ಮೂರು ಸರಳು. ಒಂದೊಂದರಲ್ಲಿ ಆರಾರು ಗಿರಾಕಿಗಳ ಬಟ್ಟೆ.

"ರೀ, ಇಲ್ಲಿ ಬನ್ನಿ. ಇದನ್ನ ಲಿಫ್ಟು ಅಂದ್ಕೊಳ್ಳಿ. ಕೆಳಗಿನ ಸರಳು ಮುಗಿದುಹೋದ ಕಾಲ, ನಡುವಿನದು ಈಗಿನದು, ಮೇಲಿನದು ಮುಂದೆ ಬರೋದು. ಬಟ್ಟೆಗೊಂದು ಚೀಟಿ ಕಟ್ಟಿ, ಕೈಯಾಡಿಸಿ."

ಯಜಮಾನರು ಹೆಂಡತಿಯನ್ನು ಹೊಸದಾಗಿ ನೋಡುವಂತೆ ನೋಡಿದರು. ಮರುದಿನ ಕೆಲಸದ ಜಾಗದಿಂದ ಹದಿನೆಂಟು ಚೀಟಿ ತಂದರು. ಗಟ್ಟಿ ರಟ್ಟು, ಹಳದಿ ಬಣ್ಣ, ತುದಿಗೆ ದಾರ. ಒಂದು ಬದಿ ಖಾಲಿ. ಅಲ್ಲಿ ಸ್ಪ್ಯಾನಿಷ್ ಬರೆದರು. ಇನ್ನೊಂದು ಬದಿಯಲ್ಲಿ ಕಂಪನಿಯವರೇ ಕೆಂಪಕ್ಷರದಲ್ಲಿ ಅಚ್ಚು ಹಾಕಿಸಿದ್ದರು: 'ಕೆಟ್ಟಿದೆ. ಯಾರೂ ಬಳಸಬೇಡಿ.'

ವಕೀಲರ ಕಪ್ಪು ಗೌನು 'ನಾನು ಹೋಗುವೆನು' ಆಯಿತು. ಹಲ್ಲಿನ ಡಾಕ್ಟರಮ್ಮನ ಬಿಳಿ ಕೋಟು 'ಅವನು ಹೋಗುತ್ತಾನೆ'. ಬ್ಯಾಂಡಿನ ಕಹಳೆಯವರ ಪ್ಯಾಂಟು 'ನಾವು ಹೋದೆವು'. ಕ್ಷೌರದಂಗಡಿಯವರ ನೀಲಿ ಕೋಟು 'ನೀವೆಲ್ಲ ಹೋಗುವಿರಿ'. ಯಜಮಾನರು ಗುರುವಾರ ಸಂಜೆಯಿಡೀ ಒಂದೊಂದು ತೋಳನ್ನೂ ಮುಟ್ಟಿ ಮುಟ್ಟಿ ಜಪಿಸಿದರು. ಟೈಲರಮ್ಮ ಯಂತ್ರದ ಮುಂದೆ ಕೂತು ಕೇಳಿದರು. ಅರ್ಥ ತಿಳಿಯದಿದ್ದರೂ ಕಿವಿ ಚುರುಕು.

"ಮೇಲಿನ ಸಾಲಿನ ಮೂರನೇದು ಆಗಲೇ ಬೇರೆ ಹೇಳಿದ್ರಿ."

"ನಿನಗೇನು ಗೊತ್ತೇ?"

"ಆಗ ಇರಾ ಅಂದ್ರಿ, ಈಗ ಇರೇ ಅಂದ್ರಿ."

ಯಜಮಾನರು ಚೀಟಿ ತಿರುಗಿಸಿ ನೋಡಿ ಕೆಮ್ಮಿದರು. ರಾತ್ರಿ ಊಟದ ಹೊತ್ತಿಗೆ ಹದಿನೆಂಟೂ ಸುಲಲಿತ! ಟೈಲರಮ್ಮ ಒಳಗೊಳಗೇ ಹಿಗ್ಗಿದರು. ಓದು ಬರಹ ಯಾರಿಗೆ ಬೇಕು, ಬುದ್ಧಿಯಿದ್ದರೆ ಸಾಲದೇ?

ಶುಕ್ರವಾರ ಮಧ್ಯಾಹ್ನ ಟೈಲರಮ್ಮ ಜಿಪ್ಪು ತರಲು ಪೇಟೆಗೆ ಹೋದರು. ಶುಕ್ರವಾರ ನಾದಿನಿ ಬಂದು ತಯಾರಾದ ಬಟ್ಟೆಗಳನ್ನು ಮನೆಮನೆಗೆ ಮುಟ್ಟಿಸುವ ದಿನವೂ ಹೌದು. ಅವರಿಬ್ಬರ ನಡುವೆ ಇಪ್ಪತ್ತು ವರ್ಷದಿಂದ ಒಂದೇ ಕಟ್ಟಳೆ: ಬಟ್ಟೆಗೆ ಗುಂಡುಪಿನ್ನು ಚುಚ್ಚಿದ್ದರೆ ಕೆಲಸ ಬಾಕಿ, ದಾರದ ಚೀಟಿ ಕಟ್ಟಿದ್ದರೆ ಕೆಲಸ ಮುಗಿದಿದೆ, ಒಯ್ಯಬಹುದು. ನಾದಿನಿ ಕಟ್ಟಳೆ ಮೀರುವ ಹೆಂಗಸಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟುವಷ್ಟು ಶಿಸ್ತು.

ಟೈಲರಮ್ಮ ಮರಳಿದಾಗ ಮೂರು ಸರಳೂ ಬೋಳು. ನಾದಿನಿ ಹಣೆಯ ಬೆವರು ಒರೆಸಿಕೊಳ್ಳುತ್ತ ಕೂತಿದ್ದಳು.

"ಒಂದೇ ದಿನ ಹದಿನೆಂಟು ಮುಗಿಸಿದ್ದೀರಲ್ಲ ಅತ್ತಿಗೆ! ನಿಮ್ಮ ಕೈಗೆ ದೃಷ್ಟಿಯಾದೀತು. ಒಂದೆರಡಕ್ಕೆ ಪಿನ್ನು ಹಾಗೇ ಬಿಟ್ಟಿದ್ರಿ, ನಾನೇ ಕಿತ್ತೆ."

"ಕಿತ್ತೆಯಾ?" ಟೈಲರಮ್ಮ ಜಿಪ್ಪಿನ ಪೊಟ್ಟಣ ಮೇಜಿನ ಮೇಲೆ ಬಿಸಾಕಿದರು. "ಡಾಕ್ಟರಮ್ಮನ ಕೋಟಿಗೆ ಇರೋದೇ ಒಂದು ತೋಳು ಕಣಮ್ಮಾ!"

"ನಾನೂ ನೋಡಿದೆ. ಹಲ್ಲು ಕೀಳೋಕೆ ಒಂದು ಕೈ ಸಾಕಲ್ಲ, ಈಗಿನ ಹೊಸ ಮಾದರಿ ಇರಬೇಕು ಅಂದ್ಕೊಂಡೆ."

ಐದು ಗಂಟೆಗೆ ಯಜಮಾನರು ಬಂದರು. ಗೋಡೆ ನೋಡಿದರು.

"ನನ್ನ ಭವಿಷ್ಯ ಎಲ್ಲೇ?"

"ವಕೀಲರ ಮನೆಗೆ ಹೋಗಿದೆ ರೀ."

"ಭೂತ?"

"ಕಹಳೆಯವರು ಹಾಕ್ಕೊಂಡಿರ್ತಾರೆ."

ಮೂವರೂ ಚೀಲ ಹಿಡಿದು ಬೀದಿಗಿಳಿದರು. ವಕೀಲರ ಮನೆ ಬಾಗಿಲು ಬಡಿಯುವ ಮೊದಲೇ ತೆರೆಯಿತು. ಗೌನು ತಲುಪಿದ ಕೂಡಲೇ ಅವರು ಅದನ್ನು ತೊಟ್ಟು ನೇರ ಕೋರ್ಟಿಗೆ ಓಡಿದ್ದರಂತೆ. ನ್ಯಾಯಾಧೀಶರ ಮುಂದೆ ನಿಂತು ಒಂದೂವರೆ ಗಂಟೆ ವಾದ ಮಾಡಿದರಂತೆ. ಬೆನ್ನ ಹಿಂದೆ ಚೀಟಿ ತೂಗುತ್ತಿತ್ತು.

"ಕೆಟ್ಟಿದೆ, ಯಾರೂ ಬಳಸಬೇಡಿ! ಇಡೀ ಕೋರ್ಟು ಓದಿತು! ನನ್ನ ಕಕ್ಷಿದಾರ ಓದಿದ! ಓದಿ ಅಲ್ಲೇ ಬೇರೆ ವಕೀಲರನ್ನ ಹಿಡಿದ!" ಎಂದು ವಕೀಲರು ಗುಡುಗಿದರು.

ಟೈಲರಮ್ಮ ಕೈಮುಗಿಯಲು ಹೊರಟಿದ್ದರು. ಅಷ್ಟರಲ್ಲಿ ಯಜಮಾನರು ಗೌನಿನ ತೋಳು ಹಿಡಿದು, ಕಳೆದುಹೋದ ಮಗು ಸಿಕ್ಕವರಂತೆ ಮುಖ ಅರಳಿಸಿ "ಇರೇ! ಇರೇ!" ಎಂದು ಕೂಗಿದರು.

"ಏನ್ರೀ ಅದು? ನನ್ನ ಮನೆಯಲ್ಲೇ ನಿಂತು ನನಗೇ ಬೈಗುಳವಾ?"

"ಇಲ್ಲ ಸ್ವಾಮಿ, ಹೋಗ್ತೀನಿ ಅಂತಿದ್ದಾರೆ" ಎಂದರು ಟೈಲರಮ್ಮ.

"ಹಾಗಾದ್ರೆ ಹೋಗಿ!"

ಡಾಕ್ಟರಮ್ಮ ಒಂದು ತೋಳಿನ ಕೋಟು ತೊಟ್ಟೇ ಮೂರು ಹಲ್ಲು ಕಿತ್ತಿದ್ದರು. ನಾಲ್ಕನೇ ರೋಗಿ, ಕೋಟಿನ ಚೀಟಿ ಓದಿ, ಹಲ್ಲುನೋವು ತಾನಾಗಿ ಹೋಯಿತೆಂದು ಕುರ್ಚಿಯಿಂದಿಳಿದು ಓಡಿದ್ದನಂತೆ. ಕಹಳೆಯವರು ಸಿಕ್ಕಿದ್ದು ಪಾರ್ಕಿನ ವೇದಿಕೆಯ ಮೇಲೆ, ಕಛೇರಿ ನಡುವೆ. ಪ್ಯಾಂಟಿನ ಒಂದು ಕಾಲು ಬೂಟಿನವರೆಗೆ, ಇನ್ನೊಂದು ಮೊಣಕಾಲಿನವರೆಗೆ. ಜನ ಇದೂ ಕಾರ್ಯಕ್ರಮದ ಭಾಗವೆಂದು ಚಪ್ಪಾಳೆ ಹೊಡೆಯುತ್ತಿದ್ದರು. ಯಜಮಾನರು ಮೊದಲ ಸಾಲಿನಲ್ಲಿ ನಿಂತು ಆ ಪ್ಯಾಂಟಿಗೆ ಬೆರಳು ತೋರಿಸಿ "ಫುಯ್ಮೋಸ್!" ಎಂದರು. ಹಿಂದಿನ ಸಾಲಿನವರು ಅದನ್ನು ಮೆಚ್ಚುಗೆಯ ಮಾತೆಂದು ತಿಳಿದು ತಾವೂ "ಫುಯ್ಮೋಸ್! ಫುಯ್ಮೋಸ್!" ಎಂದು ಕೂಗಿದರು. ಕಹಳೆಯವರು ಖುಷಿಯಾಗಿ ಇನ್ನೊಂದು ಹಾಡು ಊದಿದರು. ಅದು ಮುಗಿಯುವವರೆಗೂ ಕಾಯಬೇಕಾಯಿತು.

ಹೀಗೆ ಹದಿನೇಳು ಬಟ್ಟೆ, ಹದಿನೇಳು ಬೈಗುಳ ಮನೆಗೆ ಬಂದವು. ಹದಿನೆಂಟನೆಯದು ಕ್ಷೌರದಂಗಡಿಯವರ ನೀಲಿ ಕೋಟು. ಅಂಗಡಿಗೆ ಬೀಗ. ಕುಟುಂಬ ಸಮೇತ ಮಧ್ಯಾಹ್ನದ ರೈಲಿಗೆ ಹೊರಟುಹೋದರೆಂದು ಪಕ್ಕದವರು ಹೇಳಿದರು. 'ನೀವೆಲ್ಲ ಹೋಗುವಿರಿ' ಎಂದು ಬರೆದುಕೊಟ್ಟ ಮೇಲೆ ಅವರಾದರೂ ಏನು ಮಾಡಿಯಾರು!

ಶನಿವಾರ ಬೆಳಗ್ಗೆ ಯಜಮಾನರು ಸರಳುಗಳ ಮುಂದೆ ಕೈಯಾಡಿಸಿದರು. ಹದಿನೇಳು ನೀರಿನಂತೆ ಹರಿದವು. ಮೇಲಿನ ಸಾಲಿನ ಐದನೇ ಜಾಗದಲ್ಲಿ ಖಾಲಿ ಹ್ಯಾಂಗರು. ಬೆರಳಿಗೆ ತಂತಿ ತಗುಲಿತು, ಬಾಯಿ ನಿಂತಿತು. ಪುಸ್ತಕ ನೋಡೋಣವೆಂದರೆ, ಅದನ್ನು ಶುಕ್ರವಾರ ಬೆಳಗ್ಗೆಯೇ, ಇನ್ನು ಇದರ ಹಂಗಿಲ್ಲವೆಂದು, ಎಣ್ಣೆಡಬ್ಬಿಗೆ ದಾನ ಮಾಡಿ ಬಂದಿದ್ದರು.

"ಆಯ್ತು ಬಿಡೇ. ಸ್ಟೋರೇನು ಕೆಟ್ಟದ್ದಲ್ಲ. ಮಧ್ಯಾಹ್ನ ಬಂದು ನಿನಗೆ ಗುಂಡಿ ಜೋಡಿಸಿಕೊಡ್ತೀನಿ" ಎಂದರು ಯಜಮಾನರು ಸೋತ ದನಿಯಲ್ಲಿ.

ಟೈಲರಮ್ಮ ಕೈಲಿದ್ದ ಬಟ್ಟೆ ಕೆಳಗಿಟ್ಟರು. ಕಣ್ಣು ಮುಚ್ಚಿ ಕೂತರು. ಗುರುವಾರ ಸಂಜೆ ಯಂತ್ರದ ಸದ್ದಿನ ನಡುವೆ ಕಿವಿಗೆ ಬಿದ್ದ ಜಪವನ್ನು ಒಂದೊಂದಾಗಿ ಹಿಂದಕ್ಕೆ ಬಿಚ್ಚಿದರು, ತಪ್ಪು ಹೊಲಿಗೆ ಬಿಚ್ಚುವ ಹಾಗೆ.

"ಇರೇಮೋಸ್ ಆದ ಮೇಲೆ ಉಸಿರು ತಗೊಂಡ್ರಿ. ಆಮೇಲೆ... ಇರೇಯ್ಸ್."

"ಇರೇಯ್ಸ್!" ಯಜಮಾನರು ಹಾರಿದರು. "ಅದೇ! ಇರೇಯ್ಸ್! ನಿನಗೆ ಹೇಗೇ ಗೊತ್ತು?"

"ನನಗೇನು ಗೊತ್ತು. ಕೇಳಿಸ್ಕೊಂಡಿದ್ದೆ ಅಷ್ಟೆ. ಅಲ್ಲಿ ಮರೆತ್ರೆ ಬಟ್ಟೆ ನೆನೆಸ್ಕೊಳ್ಳಿ. ಹೊರಡಿ, ಹೊತ್ತಾಯ್ತು."

ಆ ದಿನ ಟೈಲರಮ್ಮ ಡಾಕ್ಟರಮ್ಮನ ಎರಡನೇ ತೋಳು ಕೂರಿಸಿದರು, ಎರಡು ಸಲ ತಿರುಗುಮುರುಗಾಗಿ. ಮನಸ್ಸು ಬಾಗಿಲಿನ ಕಡೆಗೇ. ಒಂದು ಗಂಟೆಗೆ ಯಜಮಾನರ ಹೆಜ್ಜೆ ಕೇಳಿತು. ಹೆಜ್ಜೆಯಲ್ಲೇ ಗೆಲುವಿತ್ತು.

"ಹದಿನೆಂಟಕ್ಕೆ ಹದಿನೆಂಟು! 'ನಾವು ಹೋದೆವು' ಅಂತ ಕೇಳಿದ್ರು. ನಾನು ಕಹಳೆಯವರ ಪ್ಯಾಂಟು, ಕಹಳೆಯವರ ಪ್ಯಾಂಟು ಅಂತ ಎರಡು ಸಲ ಗೊಣಗಿ ಫುಯ್ಮೋಸ್ ಅಂದೆ. ಮೇಡಂ ಒಂದು ಸಲ ನೋಡಿದ್ರು, ಅಷ್ಟೆ. ಕಡೆಗೆ ಕೇಳಿದ್ದು ಯಾವುದು ಗೊತ್ತಾ? ಇರೇಯ್ಸ್! ಎಣ್ಣೆಡಬ್ಬಿಯೂ 'ಹೋಗು'ವನ್ನೇ ಆರಿಸಿದ್ದ, ಅದರಲ್ಲೇ ಬಿದ್ದ. ನಾನು ಗೆದ್ದೆ. ನೀನು ಗೆಲ್ಲಿಸಿದೆ!"

ಟೈಲರಮ್ಮ ಕತ್ತರಿಯನ್ನು ಕಣ್ಣಿಗೊತ್ತಿಕೊಂಡರು. ಶಪಥ ಪೂರೈಸಿತ್ತು. ಮಧ್ಯಾಹ್ನಗಳೆಲ್ಲ ತಮ್ಮವೇ, ಗುಂಡಿಗಳೆಲ್ಲ ತಮ್ಮವೇ!

"ಸೋಮವಾರದಿಂದಲೇ ಹೊಸ ಕೆಲಸವಾ? ಬುತ್ತಿ ಎಷ್ಟು ಹೊತ್ತಿಗೆ ಕಟ್ಲಿ?"

"ಬುತ್ತಿ ಯಾಕೆ?" ಯಜಮಾನರು ಚೀಲದಿಂದ ಒಂದು ಹೊಚ್ಚಹೊಸ ಫೋನು ತೆಗೆದು, ಬಟ್ಟೆ ಕತ್ತರಿಸುವ ಮೇಜಿನ ನಟ್ಟನಡುವೆ ಇಟ್ಟರು. "ಉಸ್ತುವಾರಿ ಅಂದ್ರೆ ಆ ಎಂಜಿನಿಯರ್ ಫೋನಿಗೆ ಕಾಯೋದು. ಅದಕ್ಕೆ ಆಫೀಸ್ಯಾಕೆ, ಮನೇಲೇ ಕೂತ್ಕೊಳ್ಳಿ ಅಂದ್ರು. ಬೆಳಗ್ಗೆಯಿಂದ ಸಂಜೆವರೆಗೂ ಇನ್ನು ನಾನು ಇಲ್ಲೇ!"

ಟೈಲರಮ್ಮ ಗುಂಡಿ ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡರು.

"ಸ್ಟೋರು?" ಎಂದರು ಟೈಲರಮ್ಮ ಕ್ಷೀಣವಾಗಿ.

"ಎಣ್ಣೆಡಬ್ಬಿಗೆ. ಅವನ ಗೋಳು ಕೇಳಬೇಡ. ಹೊಸ ಲಿಫ್ಟು ಬಂತಲ್ಲ, ಸ್ಟೋರು ಇನ್ನು ರಾತ್ರಿ ಎಂಟರವರೆಗಂತೆ. ಭಾನುವಾರವೂ ರಜ ಇಲ್ಲ."

"ಪುಣ್ಯವಂತೆ" ಎಂದರು ಟೈಲರಮ್ಮ.

"ಯಾರೇ?"

"ಅವನ ಹೆಂಡತಿ."